ಒಂಟೆಗೆ ಟೋಪಿ

ಮಂಡಿ ಮೊಹಲ್ಲಾದ ನಮ್ಮ ಕಡೆತದ ಅಂಗಡಿಗೆ
ಪೋಲೆಂಡಿನವನೊಬ್ಬ ಬಂದ, ಬಿಸಿಲಿಗೆ ಮೂಗು ಸುಲಿದು.
ಚದುರಂಗದ ಕಾಯಿ ಬೇಕು, ಪೂರಾ ಮೂವತ್ತೆರಡು,
ಒಂದು ಒಂಟೆಯ ಜಾಗದಲ್ಲಿ ಮಾತ್ರ ಒಂಟೆ ಬೇಡ ಎಂದ.
ಜೊತೆಗಿದ್ದ ಗಂಗೋತ್ರಿಯ ಹುಡುಗಿ ಕನ್ನಡ ಮಾಡಿ ಹೇಳಿದಳು:
‘ಅವರೂರಿನ ಬಿಷಪ್ ಒಬ್ಬನನ್ನ ಕಡೆದುಕೊಡಬೇಕಂತೆ.
ಏಳುನೂರು ವರ್ಷದ ಹಿಂದಿನವನು.’

ಖಾದರ್ ನವಾಜ್ ಉಸ್ತಾದರು ಬೀಡಿಯನ್ನು ಕಿವಿಗೆ ಸಿಕ್ಕಿಸಿ
‘ಮುಖ ಯಾರಿಗೆ ಬೇಕು? ಏನು ಮಾಡ್ದ, ಅದ ಹೇಳು’ ಅಂದರು.
ನಾನು ಉಪ್ಪುಕಾಗದ ಕೆಳಗಿಟ್ಟೆ.

ಹೇಳಿದ. ಚಹಾ ಎರಡು ಸಲ ತಣ್ಣಗಾಯಿತು.
ಗದ್ದುಗೆ ಒಂದು, ದಾಯಾದಿಗಳು ಇಬ್ಬರು.
ಬಿಷಪ್ಪನ ಹತ್ತಿರ ಪಟ್ಟಕ್ಕೆ ಹಚ್ಚುವ ಎಣ್ಣೆ,
ಕೋಟೆಯದೊಂದು ಬೀಗದಕೈ,
ಉಪ್ಪಿನ ಗಣಿಯ ಸುಂಕದಲ್ಲಿ ಪಾಲು.
ಬೆಳಿಗ್ಗೆ ಅಣ್ಣನ ಹೆಸರಲ್ಲಿ ಪ್ರಾರ್ಥನೆ,
ರಾತ್ರಿ ತಮ್ಮನ ದಂಡಿಗೆ ದಿಡ್ಡಿಬಾಗಿಲು.
ಹಿಡಿದು ನೆಲಮಾಳಿಗೆಗೆ ತಳ್ಳಿದರು,
ಅಲ್ಲಿಂದಲೇ ಶಾಪದ ಓಲೆ ಬರೆದ,
ಹೆದರಿ ಬಿಟ್ಟರು.
ಗಡಿಯಾಚೆ ಓಡಿಸಿದರು,
ಪರರಾಜನ ಕುದುರೆ ಹತ್ತಿ ವಾಪಸು ಬಂದ.
ದಾಯಾದಿಗಳಲ್ಲಿ ಒಬ್ಬ ವಿಷದಿಂದ ಸತ್ತ, ಇನ್ನೊಬ್ಬ ಕೆಸರಲ್ಲಿ.
ಬಿಷಪ್ ತನ್ನ ಹಾಸಿಗೆಯಲ್ಲಿ, ಎಂಬತ್ತು ತುಂಬಿ,
ಅಂಗಾಲಿಗೆ ಬಿಸಿ ಇಟ್ಟಿಗೆ ಇಟ್ಟುಕೊಂಡು.

‘ಹಾಗಾದ್ರೆ ಒಂಟೇನೇ,’ ಅಂದರು ಉಸ್ತಾದರು,
‘ಓರೆ ನಡೀತಾನೆ. ದೂರದಿಂದ ಹೊಡೀತಾನೆ.’
ಆಮೇಲೆ ತಾವೇ ತಲೆ ಅಲ್ಲಾಡಿಸಿ
‘ಇಲ್ಲ. ಕರಿ ಮನೇಲಿ ಹುಟ್ಟಿದ ಒಂಟೆ ಸಾಯೋತನಕ ಕರಿ ಮನೇಲೇ.
ಅದಕ್ಕಿರೋ ನಿಯತ್ತು ಇವನಿಗೆಲ್ಲಿ?’

ಟೋಪಿ ಹೇಗಿರುತ್ತೆ ನೋಡಿಕೊಂಡು ಬಾ ದೇವೀರಮ್ಮ ಎಂದು
ನನ್ನನ್ನು ದೊಡ್ಡ ಚರ್ಚಿಗೆ ಅಟ್ಟಿದರು.
ಬಣ್ಣದ ಗಾಜಿನಲ್ಲಿ ಯಾರೋ ಸಂತ ನಿಂತಿದ್ದ.
ಮುಖ ಗುರುತು ಹಿಡಿಯುವಷ್ಟರಲ್ಲಿ ಹೊರಗೆ ಮೋಡ ಬಂತು.
ಬಂದು ಹೇಳಿದೆ: ಬಾಳೆಮೋತೆ ಇದ್ದಹಾಗೆ, ಉಸ್ತಾದರೇ.
ಮುಂದಕ್ಕೊಂದು ಎಸಳು, ಹಿಂದಕ್ಕೊಂದು ಎಸಳು,
ನಡುವೆ ಖಾಲಿ.
‘ಟೋಪಿ ಕಡೆಯೋದು ಸುಲಭ ಕಣಮ್ಮ,’ ಎಂದು ನಕ್ಕರು.
ಹಾಕುವವರ ಸುದ್ದಿ ಎತ್ತಲಿಲ್ಲ.

ನನಗೆ ಅವನ ಮುಖ ಗೊತ್ತಿತ್ತು.
ಮದ್ದೂರಿನಾಚೆ ನನ್ನ ತವರು.
ಹಾಲಿನ ಸೊಸೈಟಿ ಚುನಾವಣೆಗೆ ಅಪ್ಪ ನಿಂತ ವರ್ಷ
ಗುಡಿಯ ಅಯ್ನೋರು ಅಪ್ಪನನ್ನು ಕರೆಸಿ
ದೇವರ ಬಲಗಡೆಯಿಂದ ಬಿದ್ದ ಹೂ ಕೊಟ್ಟರು.
ಅದೇ ಸಂಜೆ, ದೀಪ ಹಚ್ಚಿದ ಮೇಲೆ,
ಎದುರಾಳಿಗೂ ಕೊಟ್ಟರು. ಅದೂ ಬಲಗಡೆಯದೇ.
ಅಪ್ಪ ಒಂಬತ್ತು ಓಟಿಗೆ ಸೋತ.
ಗೆದ್ದವನು ಗುಡಿಗೆ ಗ್ರಾನೈಟು ಹಾಸಿಸಿದ.
ಸೋತ ಮಾರನೆಯ ಬೆಳಿಗ್ಗೆಯೂ
ಅಯ್ನೋರ ಮನೆಗೆ ಅರ್ಧ ಸೇರು ಹಾಲು
ಅಪ್ಪ ನನ್ನ ಕೈಯಲ್ಲೇ ಕಳಿಸಿದ.

ಉಸ್ತಾದರು ಬೀಟೆಯದೊಂದು ಹೋಳು,
ಅರಿಸಿನತೇಗದ್ದೊಂದು ಹೋಳು ಅಂಟಿಸಿ
ರಾತ್ರಿಯೆಲ್ಲ ಇಕ್ಕಳದಲ್ಲಿ ಬಿಗಿದಿಟ್ಟರು.
ಬೆಳಿಗ್ಗೆ ಕಡೆದರು:
ಎಡದಿಂದ ನೋಡಿದರೆ ಕರಿ, ಬಲದಿಂದ ಹಳದಿ,
ಬೆಸುಗೆ ಸರಿಯಾಗಿ ತುಟಿಯ ನಡುವೆ.
ಉಗುರು ಆಡಿಸಿದರೂ ತಿಳಿಯದು.
ಸಣ್ಣದೊಂದು ನಗು ಬೇರೆ ಕೊಟ್ಟಿದ್ದರು.

ಪೋಲೆಂಡಿನವನು ಅಂಗೈಲಿಟ್ಟು ತಿರುಗಿಸಿದ, ತಿರುಗಿಸಿದ.
‘ಇದು ಯಾರ ಕಡೆಯ ಕಾಯಿ?’ ಕೇಳಿದಳು ಹುಡುಗಿ.
‘ಆಟ ಮುಗೀಲಿ, ಗೊತ್ತಾಗುತ್ತೆ.’
ಹೇಳಿದ್ದಕ್ಕಿಂತ ಇನ್ನೂರು ಜಾಸ್ತಿ ಕೊಟ್ಟು ಹೋದ.

ಒಂದು ವಿಷಯ ಉಸ್ತಾದರಿಗೆ ಹೇಳಿಲ್ಲ.
ಹಿಂದಿನ ಸಂಜೆ ನುಣುಪು ಮಾಡುವಾಗ
ಆ ನಗುವನ್ನು ಉಜ್ಜಿ ತೆಗೆದೆ,
ಮೂರು ಸುತ್ತು, ಸಣ್ಣ ಉಪ್ಪುಕಾಗದದಲ್ಲಿ.
ನಮ್ಮ ಅಯ್ನೋರು
ಹೂ ಕೊಡುವಾಗ ಒಂದು ಸಲವೂ ನಕ್ಕವರಲ್ಲ.